ಹಳೇ ಡಿಸ್ಕಿನಲ್ಲಿ ಕೂತವರು ಯಾರು?

ಕೆಲವರ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಡಾಕ್ಟರು ಎಂದರೆ ಡಾಕ್ಟರು, ಮೇಷ್ಟ್ರು ಎಂದರೆ ಮೇಷ್ಟ್ರು. ಕೇಳಿದವರು 'ಓಹೋ' ಎಂದು ತಲೆಯಾಡಿಸಿ, ತಮ್ಮ ಮೊಣಕಾಲು ನೋವಿನ ಕಥೆಯನ್ನೋ ಮಗನ ಗಣಿತದ ಕಥೆಯನ್ನೋ ಶುರುಮಾಡಿಬಿಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ದೆಹಲಿಯ ಒಂದು ಸಂಶೋಧನಾ ಕಚೇರಿಯಲ್ಲಿ ಯೂನಿಕ್ಸ್ ಜಾತಿಯ ಒಂದು ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವವಳು. ಹೀಗೆಂದರೆ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕರೆಂಟಿಗೆ ಸಿಕ್ಕಿಸುವ ಎಲ್ಲವನ್ನೂ ರಿಪೇರಿ ಮಾಡುವವಳು ಎಂದೇ ಅರ್ಥ. ಲಿಫ್ಟಿನಲ್ಲಿ ಸಿಕ್ಕ ನಿವೃತ್ತ ಕರ್ನಲ್ ಸಾಹೇಬರು "ಬೇಟಾ, ಮೇರಾ ಪ್ರಿಂಟರ್ ಕಾಗಜ್ ಖಾ ರಹಾ ಹೈ" ಎನ್ನುತ್ತಾರೆ. ಯೂನಿಕ್ಸಿಗೂ ಅವರ ಪ್ರಿಂಟರಿನ ಹಸಿವಿಗೂ ಏನೂ ಸಂಬಂಧವಿಲ್ಲ ಎಂದು ಅವರ ಮಹಡಿ ಬರುವುದರೊಳಗೆ ವಿವರಿಸಲಾದೀತೆ? ಸುಮ್ಮನೆ ಹೋಗಿ ಅದರ ಬಾಯಿಂದ ಕಾಗದ ಕಿತ್ತುಕೊಟ್ಟು ಬರುತ್ತೇನೆ. ಒಮ್ಮೆ ಶಾಲೆಯಲ್ಲಿ ಟೀಚರು ನನ್ನ ಮಗಳನ್ನು ನಿನ್ನ ತಾಯಿ ಏನು ಮಾಡುತ್ತಾರೆ ಎಂದು ಕೇಳಿದಾಗ ಅವಳು ಸಲೀಸಾಗಿ "ಮಮ್ಮಿ ಲೋಗೋಂಕೋ ಬಾಹರ್ ನಿಕಾಲ್ತೀ ಹೈಂ" ಎಂದುಬಿಟ್ಟಳಂತೆ. ಜನರನ್ನು ಹೊರಗೆ ಹಾಕುವವಳು! ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಆ ಟೀಚರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ರೀತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮನೆಗೆ ಬಂದು ತಣ್ಣಗೆ ಕೂತು ಯೋಚಿಸಿದರೆ, ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಸರಿಯಾಗಿ ಅರ್ಥಮಾಡಿಕೊಂಡವಳು ಅವಳೊಬ್ಬಳೇ ಅನ್ನಿಸಿತು.

ನಮ್ಮ ಅತ್ತೆಗೆ ಮಾತ್ರ ನಾನು ಪಟ್ಟು ಹಿಡಿದು ವಿವರಿಸಿದ್ದೇನೆ. ಒಂದು ದೊಡ್ಡ ಕಂಪ್ಯೂಟರು. ಆಫೀಸಿನವರೆಲ್ಲ ತಂತಮ್ಮ ಟೇಬಲ್ಲಿನಲ್ಲೇ ಕೂತು ಅದರೊಳಕ್ಕೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಅದರ ಒಳಗೆ ಡೈರೆಕ್ಟರಿಗಳಿವೆ. ಡೈರೆಕ್ಟರಿ ಎಂದರೆ ಮನೆಯಲ್ಲಿ ಕೋಣೆ ಇದ್ದ ಹಾಗೆ, ಕೋಣೆಯೊಳಗೆ ಇನ್ನೊಂದು ಕೋಣೆಯೂ ಇರಬಹುದು. ಒಳಗೆ ಬಂದ ಪ್ರತಿಯೊಬ್ಬರೂ ಯಾವ ಗಳಿಗೆಯಲ್ಲಾದರೂ ಯಾವುದೋ ಒಂದು ಕೋಣೆಯಲ್ಲಿ ನಿಂತೇ ಇರುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅತ್ತೆ, "ಅಂದ್ರೆ ನೀನು ಗೇಟಿನ ಗಾರ್ಡು ಅನ್ನು" ಎಂದರು. "ಅಲ್ಲ ಅತ್ತೆ, ಗಾರ್ಡಿಗೆ ಯಾರು ಒಳಗೆ ಬಂದ್ರು ಅನ್ನೋದು ಮಾತ್ರ ಗೊತ್ತು. ಅದನ್ನ ಹೇಳೋಕೆ ಕಂಪ್ಯೂಟರಲ್ಲೇ ಒಂದು ಕಮಾಂಡಿದೆ. ಬಂದವರು ಯಾರ ಮನೇಲಿ ಕೂತು ಕಾಫಿ ಕುಡೀತಿದಾರೆ ಅಂತ ಹುಡುಕೋದು ನನ್ನ ಕೆಲಸ" ಎಂದೆ. ಅತ್ತೆಯ ಕಣ್ಣು ಅರಳಿತು. "ಅಯ್ಯೋ, ಅದಕ್ಕೆ ಸಂಬಳ ಬೇರೆ ಕೊಡ್ತಾರಾ! ನಮ್ಮ ಸೊಸೈಟಿ ಹೆಂಗಸರು ಬಿಟ್ಟಿಯಾಗೇ ಮಾಡ್ತಾರಲ್ಲೇ" ಎಂದರು.

ಅತ್ತೆ ನಗಲಿ, ಪರವಾಗಿಲ್ಲ. ಆದರೆ ಈ ಹುಡುಕಾಟ ಕುತೂಹಲಕ್ಕಾಗಿ ಮಾಡುವುದಲ್ಲ. ಒಂದು ಡಿಸ್ಕು ಹಳೆಯದಾಯಿತು, ಅದನ್ನು ಕಳಚಿ ತೆಗೆಯಬೇಕು ಅಂದುಕೊಳ್ಳಿ. ಅದರ ಯಾವುದೋ ಮೂಲೆಯ ಡೈರೆಕ್ಟರಿಯಲ್ಲಿ ಒಬ್ಬೇ ಒಬ್ಬ ಮಹಾಶಯ ನಿಂತಿದ್ದರೂ ಸಾಕು, ಏನೂ ಮಾಡದೆ ಸುಮ್ಮನೆ ನಿಂತಿದ್ದರೂ ಸಾಕು, ಯಂತ್ರ ಜಪ್ಪಯ್ಯ ಎಂದರೂ ಡಿಸ್ಕನ್ನು ಬಿಟ್ಟುಕೊಡುವುದಿಲ್ಲ. 'ಬಿಜಿ ಇದೆ' ಎಂದು ಒಂದೇ ಮಾತು ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಯಾರಿದ್ದಾರೆ, ಎಲ್ಲಿದ್ದಾರೆ ಎಂದು ತಾನಾಗಿ ಹೇಳುವ ಸೌಜನ್ಯ ಅದಕ್ಕಿಲ್ಲ. ಕೇಳಿದರೆ ಮಾತ್ರ ಹೇಳುತ್ತದೆ, ಅದೂ ಕೇಳುವ ರೀತಿಯಲ್ಲಿ ಕೇಳಿದರೆ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮೂ ಈಗ ಯಾವ ಡೈರೆಕ್ಟರಿಯಲ್ಲಿ ನಿಂತಿದೆ ಎಂಬ ಗುರುತು ಯಂತ್ರದ ಹೊಟ್ಟೆಯೊಳಗೆ ಒಂದು ಕಡೆ ಇರುತ್ತದೆ. ಅದನ್ನು ಕೆದಕಿ ಹೇಳುವ ಸಿದ್ಧ ಕಮಾಂಡುಗಳೂ ಇವೆ. ಆದರೆ ಅವು ಹೇಳುವ ಭಾಷೆ ಮಹಾ ಒರಟು. ಅಂಕಿಗಳ ಸಾಲೊಂದನ್ನು ಮುಖಕ್ಕೆ ಎಸೆದು ಹೋಗುತ್ತವೆ. ಅದಕ್ಕೇ ನಾನು ಬಹಳ ಹಿಂದೆ ನನ್ನದೇ ಒಂದು ಪುಟ್ಟ ಕಮಾಂಡನ್ನು ಬರೆದಿಟ್ಟುಕೊಂಡಿದ್ದೆ. ಅದನ್ನು ಒತ್ತಿದರೆ ಇಂಥವರು ಇಂಥ ಕೋಣೆಯಲ್ಲಿದ್ದಾರೆ ಎಂದು ಹೆಸರು ಸಮೇತ, ಒಂದರ ಕೆಳಗೊಂದು ಚೊಕ್ಕವಾಗಿ ಬರುತ್ತದೆ. ಹೆತ್ತವರಿಗೆ ಹೆಗ್ಗಣ ಹೇಗೋ ಏನೋ, ನನಗಂತೂ ಆ ಕಮಾಂಡಿನ ಮೇಲೆ ಅಷ್ಟು ಹೆಮ್ಮೆ. ಯಾರಾದರೂ ಹೊಸಬರು ಆಫೀಸಿಗೆ ಬಂದರೆ ಬೇಕೋ ಬೇಡವೋ ಅದನ್ನು ಒಮ್ಮೆ ಓಡಿಸಿ ತೋರಿಸಿದರೇ ನನಗೆ ಸಮಾಧಾನ.

ಈಗ ಆ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಜನವರಿಯ ಮಂಜು. ಬೆಳಿಗ್ಗೆ ಮೆಟ್ರೋ ಸ್ಟೇಷನ್ನಿಗೆ ನಡೆಯುವಾಗ ಎದುರಿಗೆ ಬರುತ್ತಿರುವುದು ಆಟೋನೋ ಎಮ್ಮೆಯೋ ತಿಳಿಯದಂಥ ಮಂಜು. ನಮ್ಮ ಯಂತ್ರದ ಹಳೆಯ ಡಿಸ್ಕು (ಅದಕ್ಕೆ 'ಪುರಾನಾ' ಎಂದೇ ಹೆಸರಿಟ್ಟಿದ್ದೆವು) ಒಂದು ವಾರದಿಂದ ಕಟಕಟ ಎಂದು ಹಲ್ಲು ಕಡಿಯಲು ಶುರುಮಾಡಿತ್ತು. ಅದು ಸಾಯುವಾಗ ಪಕ್ಕದವರನ್ನೂ ಎಳೆದುಕೊಂಡು ಹೋಗುವ ಜಾತಿ. ಎಲ್ಲರ ಸಾಮಾನೂ ಆಗಲೇ ಹೊಸ ಡಿಸ್ಕಿಗೆ ಹೋಗಿತ್ತು. ನಾನು ಕಮಾಂಡ್ ಕೊಟ್ಟು ಪುರಾನಾವನ್ನು ಯಂತ್ರದಿಂದ ಕಳಚಿಕೊಟ್ಟರೆ, ನೋಯ್ಡಾದಿಂದ ಬರುವ ಇಂಜಿನಿಯರು ಅದನ್ನು ಕಿತ್ತು ಅದರ ಜಾಗದಲ್ಲಿ ಬೇರೆಯದನ್ನು ಕೂರಿಸುವುದು, ಇಷ್ಟೇ ಕೆಲಸ. ಆತ ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ನೋಯ್ಡಾ ರಸ್ತೆಯ ಟ್ರಾಫಿಕ್ ಶುರುವಾಗುವ ಮೊದಲು ಹೊರಡಬೇಕಿತ್ತು. ಇವತ್ತು ಬಿಟ್ಟರೆ ಮತ್ತೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿಲ್ಲ. ಕಳಚಲು ಆಗದಿದ್ದರೆ ಬೇರೆ ದಾರಿಯೂ ಇತ್ತು, ಬಹಳ ಸುಲಭದ ದಾರಿ. ಇಡೀ ಯಂತ್ರವನ್ನೇ ಆಫ್ ಮಾಡಿ ಡಿಸ್ಕನ್ನು ಎಳೆದುಹಾಕುವುದು. ನಮ್ಮ ಬಾಸು ಚಡ್ಡಾ ಸಾಹೇಬರು ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದರು. "ಬಂದ್ ಕರೋ, ನಿಕಾಲೋ, ಚಾಲೂ ಕರೋ. ಇದಕ್ಕೆ ಇಷ್ಟು ಮೀಟಿಂಗ್ ಯಾಕೆ?"

ಯಾಕೆಂದರೆ ಫರ್ಹಾನಾ. ಅವಳು ಬಾಗಲಕೋಟೆಯ ಹುಡುಗಿ, ನಮ್ಮಲ್ಲಿ ಸಂಶೋಧನೆ ಮಾಡುತ್ತಿರುವವಳು. ಸರೋಜಿನಿ ನಗರದಲ್ಲಿ ಒಂದು ಕೋಣೆ ಹಿಡಿದುಕೊಂಡು, ಜೋಳದ ಹಿಟ್ಟನ್ನು ಊರಿಂದ ತರಿಸಿಕೊಂಡು ಗಟ್ಟಿಯಾಗಿ ನಿಂತಿದ್ದಾಳೆ. ಎಲ್ಲರೆದುರು ನನ್ನನ್ನು ಮ್ಯಾಡಂ ಎನ್ನುತ್ತಾಳೆ, ಇಬ್ಬರೇ ಇದ್ದಾಗ ಅಕ್ಕಾ. ಯಮುನೆಯ ಬಯಲಿನಲ್ಲಿ ಮಳೆಗಾಲದ ನೀರು ಎಷ್ಟು ಇಂಗುತ್ತದೆ, ನೆಲದೊಳಗಿನ ನೀರು ಮತ್ತೆ ಮೇಲೆ ಬರುವ ಆಸೆ ಇದೆಯೋ ಇಲ್ಲವೋ ಎಂಬುದು ಅವಳ ಲೆಕ್ಕ. ಆ ಲೆಕ್ಕ ನಮ್ಮ ಯಂತ್ರದಲ್ಲಿ ವಾರಗಟ್ಟಲೆಯಿಂದ ಹಗಲೂ ರಾತ್ರಿ ಓಡುತ್ತಿತ್ತು. ಶನಿವಾರ ಬೆಳಿಗ್ಗೆಯ ಹೊತ್ತಿಗೆ ಮುಗಿಯಬೇಕು, ಸೋಮವಾರ ಅವಳು ಅದನ್ನು ಕಮಿಟಿಯ ಮುಂದೆ ಇಡಬೇಕು, ಕಮಿಟಿ ಒಪ್ಪಿದರೆ ಅವಳ ಫೆಲೋಷಿಪ್ಪು ಮುಂದುವರಿಯುತ್ತದೆ. ಒಪ್ಪದಿದ್ದರೆ ಜೋಳದ ಹಿಟ್ಟಿನ ಡಬ್ಬಿ ಸಮೇತ ವಾಪಸ್ಸು ಬಾಗಲಕೋಟೆ ರೈಲು. ಯಂತ್ರ ಆಫ್ ಮಾಡಿದರೆ ಆ ಲೆಕ್ಕ ಮತ್ತೆ ಒಂದರಿಂದ ಶುರುವಾಗಬೇಕು. ಹಾಗಾಗಿ ಬೆಳಿಗ್ಗೆ ನಾನು ಚಡ್ಡಾ ಸಾಹೇಬರಿಗೆ, "ಸರ್, ಯಂತ್ರ ಆಫ್ ಮಾಡೋದು ಬೇಡ. ಊಟದೊಳಗೆ ಎಲ್ಲರನ್ನೂ ಪುರಾನಾದಿಂದ ಹೊರಗೆ ಕರೀತೀನಿ, ನನ್ನ ಜವಾಬ್ದಾರಿ" ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಈ ಎದೆ ತಟ್ಟಿಕೊಳ್ಳುವ ಚಟ ಒಂದು ನನಗೆ ಇಲ್ಲದಿದ್ದರೆ ನನ್ನ ಆಯುಷ್ಯ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ನನ್ನ ಕಮಾಂಡನ್ನು ಓಡಿಸಿದೆ. ಪುರಾನಾದೊಳಗೆ ಸಂತೆಯೇ ನೆರೆದಿತ್ತು! ಹೊರಗೆ ಬನ್ನಿ ಎಂದು ವಾರದಿಂದ ಮೇಲ್ ಮೇಲೆ ಮೇಲ್ ಕಳಿಸಿದ್ದೆ, ಫರ್ಹಾನಾ ಒಬ್ಬಳನ್ನು ಬಿಟ್ಟು ಯಾರೂ ಸೊಪ್ಪು ಹಾಕಿರಲಿಲ್ಲ. ಇದಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ಆಫೀಸಿನ ಒಂದು ಸಂಪ್ರದಾಯ ತಿಳಿದಿರಬೇಕು. ಕುರ್ಚಿಯ ಬೆನ್ನಿಗೆ ಕೋಟು ಹಾಕಿಟ್ಟು ಹೋದರೆ ಮನುಷ್ಯ ಆಫೀಸಿನಲ್ಲೇ ಇದ್ದಾನೆ ಎಂದರ್ಥ. ಆತ ಬ್ಯಾಂಕಿನಲ್ಲಿರಬಹುದು, ಮೊಮ್ಮಗನ ನರ್ಸರಿ ಅಡ್ಮಿಷನ್ನಿನ ಕ್ಯೂನಲ್ಲಿರಬಹುದು, ಕೋಟು ಇದೆಯಲ್ಲ, ಇದ್ದಾನೆ. ಕೆಲವರು ಇದಕ್ಕೆಂದೇ ಬೇರೆ ಕೋಟು ಇಟ್ಟಿದ್ದಾರೆ. ಕಂಪ್ಯೂಟರು ಬಂದ ಮೇಲೆ ಅದೇ ಸಂಪ್ರದಾಯ ಲಾಗಿನ್ನಿಗೂ ಬಂದಿತು. ಡೈರೆಕ್ಟರಿಯಲ್ಲಿ ಒಂದು ಕಿಟಕಿ ತೆರೆದಿಟ್ಟು ಎದ್ದು ಹೋದರೆ ಆ ಜಾಗ ತಮ್ಮದೇ. ಬಿಟ್ಟು ಹೊರಬಂದರೆ ಇನ್ಯಾರೋ ಬಂದು ಕೂತುಬಿಟ್ಟರೆ ಎಂಬ ದಿಗಿಲು. ಕಂಪ್ಯೂಟರಿನಲ್ಲಿ ಜಾಗ ಹಾಗೆಲ್ಲ ಹೋಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ, ದೆಹಲಿಯಲ್ಲಿ ಕಾರು ನಿಲ್ಲಿಸುವ ಜಾಗ ಹುಡುಕಿ ಬಳಲಿದವರು ಅದನ್ನು ನಂಬುವುದಿಲ್ಲ.

ಊಟದ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿತ್ತು. ದೆಹಲಿಯ ಚಳಿಗಾಲದಲ್ಲಿ ಬಿಸಿಲು ಬಿದ್ದರೆ ಆಫೀಸುಗಳು ಖಾಲಿ. ಎಲ್ಲರೂ ಹುಲ್ಲಿನ ಮೇಲೆ, ಕಟ್ಟೆಯ ಮೇಲೆ, ಕಡಲೆಕಾಯಿ ಒಡೆಯುತ್ತ, ಕಿನ್ನೋ ಕಿತ್ತಳೆ ಸುಲಿಯುತ್ತ, ಬೆನ್ನನ್ನು ಬಿಸಿಲಿಗೆ ಕೊಟ್ಟು ಕೂತಿರುತ್ತಾರೆ. ಅವರ ಲಾಗಿನ್ನುಗಳು ಮಾತ್ರ ಒಳಗೆ ಚಳಿಯಲ್ಲಿ ಕರ್ತವ್ಯನಿಷ್ಠೆಯಿಂದ ಕೂತಿರುತ್ತವೆ. ನಾನು ಆ ಬಿಸಿಲಿಗೆ ಹೋಗಿ ಒಬ್ಬೊಬ್ಬರ ಮುಂದೆಯೂ ನಿಂತು, "ನೀವು ಪುರಾನಾದಲ್ಲಿದ್ದೀರಿ, ದಯವಿಟ್ಟು ಹೊರಗೆ ಬನ್ನಿ" ಎಂದು ಕೇಳತೊಡಗಿದೆ. ಹುಲ್ಲಿನ ಮೇಲೆ ಕಾಲು ಚಾಚಿ ಕೂತವರಿಗೆ ಹೀಗೆ ಹೇಳಿದರೆ ಅವರು ನಮ್ಮನ್ನು ನೋಡುವ ನೋಟವೇ ಬೇರೆ. ಒಬ್ಬಾಕೆ "ಊಟ ಮಾಡಿದ್ರಾ ಮ್ಯಾಡಂ?" ಎಂದು ಬಹಳ ಮೃದುವಾಗಿ ಕೇಳಿದಳು. ಆದರೂ ನಾನು ಬಿಡದೆ ಗೋಳು ಹೊಯ್ದುಕೊಂಡಿದ್ದರಿಂದ ಒಬ್ಬೊಬ್ಬರಾಗಿ ಗೊಣಗುತ್ತ ಎದ್ದು ಒಳಗೆ ಹೋಗಿ ಹೊರಬಿದ್ದು ಬಂದರು.

ಉಳಿದವರು ಶರ್ಮಾಜಿ. ಅಂಕಿಅಂಶಗಳ ಪಂಡಿತರು, ನಿವೃತ್ತಿಗೆ ಹತ್ತಿರದವರು, ಲೋಧಿ ಕಾಲೋನಿಯ ಕ್ವಾರ್ಟರ್ಸಿನಿಂದ ದಿನಾ ಕಾಲ್ನಡಿಗೆಯಲ್ಲಿ ಬರುವವರು. ಅವರು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಮುಖವನ್ನು ಸೂರ್ಯನಿಗೆ ಒಪ್ಪಿಸಿ ಕೂತಿದ್ದರು. "ಶರ್ಮಾಜಿ, ನೀವು ಪುರಾನಾದಲ್ಲಿ ಮೂರು ಕಡೆ ಇದ್ದೀರಿ" ಎಂದೆ. ಕಣ್ಣು ತೆರೆಯದೆಯೇ ಅವರು, "ಮೈಂ ತೋ ಯಹೀಂ ಹೂಂ, ಮ್ಯಾಡಂ. ನಿಮ್ಮ ಕಣ್ಣ ಮುಂದೇ ಇದ್ದೀನಿ. ಒಬ್ಬ ಮನುಷ್ಯ ಇನ್ನೂ ಮೂರು ಕಡೆ ಹೇಗಿರ್ತಾನೆ?" ಎಂದರು. "ನೀವು ಇಲ್ಲಿದ್ದೀರಿ, ನಿಮ್ಮ ಲಾಗಿನ್ ಅಲ್ಲಿದೆ" ಎಂದೆ. "ಇರಲಿ ಬಿಡಿ, ಅದಕ್ಕಾದರೂ ಕೆಲಸ ಇರಲಿ" ಎಂದರು. ನನಗೆ ಪಿತ್ತ ನೆತ್ತಿಗೇರಿತು. "ಶರ್ಮಾಜಿ, ನೀವು ಎದ್ದು ಬರದೆ ಹೋದರೆ ಒಂದು ಹುಡುಗಿಯ ವರ್ಷದ ದುಡಿಮೆ ನೀರು ಪಾಲಾಗುತ್ತೆ. ಬಿಸಿಲು ನಾಳೆಯೂ ಬರುತ್ತೆ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಸುತ್ತ ಕೂತವರ ಕಡಲೆಕಾಯಿ ಒಡೆಯುವ ಸದ್ದು ನಿಂತಿತು. ಅವರು ಕಣ್ಣು ತೆರೆದು, ಒಂದು ಸಲ ನನ್ನನ್ನು ನೋಡಿ, ಮೆಲ್ಲಗೆ ಎದ್ದು, "ಚಲೋ" ಎಂದು ಒಳಗೆ ನಡೆದರು. ಆ ವಯಸ್ಸಿನವರನ್ನು ಹಾಗೆ ಎಬ್ಬಿಸಬಾರದಿತ್ತು ಅನ್ನಿಸಿತು. ಆದರೆ ಎಬ್ಬಿಸಿಯಾಗಿತ್ತು.

ಗೆದ್ದ ಗತ್ತಿನಲ್ಲಿ ನಾನು ನನ್ನ ಟೇಬಲ್ಲಿಗೆ ವಾಪಸ್ಸು ಬಂದೆ. ಇಂಜಿನಿಯರು ಆಗಲೇ ಬಂದು ಬ್ಯಾಗು ಬಿಚ್ಚಿ, ಸ್ಕ್ರೂ ಡ್ರೈವರನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತಿದ್ದ. ಚಡ್ಡಾ ಸಾಹೇಬರು, ಫರ್ಹಾನಾ, ಕೊನೆಗೆ ಶರ್ಮಾಜಿ ಕೂಡ ಬಂದು ನನ್ನ ಹಿಂದೆ ಸೇರಿದರು. ನಾನು ನನ್ನ ಕಮಾಂಡನ್ನು ಒತ್ತಿದೆ. ಪುರಾನಾದಲ್ಲಿ ಒಂದು ಹೆಸರೂ ಇಲ್ಲ. ಖಾಲಿ! "ನೋಡಿ ಸರ್" ಎಂದು ಹೆಮ್ಮೆಯಿಂದ ತಿರುಗಿ, ಡಿಸ್ಕನ್ನು ಕಳಚುವ ಕಮಾಂಡ್ ಕೊಟ್ಟೆ. ಯಂತ್ರ 'ಬಿಜಿ ಇದೆ' ಎಂದಿತು. ಇನ್ನೊಮ್ಮೆ ಕೊಟ್ಟೆ. ಬಿಜಿ. ನನ್ನ ಕಮಾಂಡನ್ನು ಮತ್ತೆ ಓಡಿಸಿದೆ. ಖಾಲಿ. ಕಳಚಲು ಹೋದೆ. ಬಿಜಿ. ಮನೆಯಲ್ಲಿ ಯಾರೂ ಇಲ್ಲ ಎಂದು ನಾನು, ಒಳಗಿಂದ ಚಿಲಕ ಹಾಕಿದೆ ಎಂದು ಯಂತ್ರ. ಇಂಜಿನಿಯರು ಗಡಿಯಾರ ನೋಡಿಕೊಂಡ. "ಮ್ಯಾಡಂಜಿ, ಆಫ್ ಮಾಡಿಬಿಡಿ, ಎಳೆದು ಹಾಕ್ತೀನಿ" ಎಂದ.

ಒಳಗಿದ್ದವರನ್ನು ಬಲವಂತವಾಗಿ ಹೊರದಬ್ಬುವ ಕಮಾಂಡೂ ಇದೆ. ಆದರೆ ಒಳಗಿರುವುದು ಏನೆಂದು ತಿಳಿಯದೆ ದಬ್ಬುವುದು ಹೇಗೆ? ನನ್ನ ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತು. ನನ್ನ ಮೇಲ್ ಬಂದ ದಿನವೇ ಪುರಾನಾದಿಂದ ಹೊಸ ಡಿಸ್ಕಿಗೆ ಎದ್ದು ಹೋದವಳು ಇಡೀ ಆಫೀಸಿನಲ್ಲಿ ಫರ್ಹಾನಾ ಒಬ್ಬಳೇ. ಆದರೆ ಅವಳ ಲೆಕ್ಕದ ಪ್ರೋಗ್ರಾಮು ಯಾವುದೋ ಒಂದು ಹಳೆಯ ಫೈಲನ್ನು ಪುರಾನಾದಲ್ಲಿ ಇನ್ನೂ ಹಿಡಿದುಕೊಂಡಿದ್ದರೆ? ನನ್ನ ಕಮಾಂಡು ಕೋಣೆಯಲ್ಲಿ ನಿಂತವರನ್ನು ತೋರಿಸುತ್ತದೆಯೇ ಹೊರತು ಹೊರಗಿಂದ ಫೈಲು ಹಿಡಿದವರನ್ನಲ್ಲ. ಹಾಗಿದ್ದರೆ ದಬ್ಬಿದರೂ ಅವಳ ಲೆಕ್ಕಕ್ಕೇ ಪೆಟ್ಟು, ಆಫ್ ಮಾಡಿದರೂ ಅವಳ ಲೆಕ್ಕಕ್ಕೇ ಪೆಟ್ಟು. ಚಡ್ಡಾ ಸಾಹೇಬರು ಅದನ್ನೇ ಬಾಯಿಬಿಟ್ಟು ಹೇಳಿದರು. "ಬೇರೆ ಯಾರೂ ಇಲ್ಲ ಅಂದ ಮೇಲೆ ಈ ಹುಡುಗಿಯದ್ದೇ ಇರಬೇಕು. ಒಂದು ಲೆಕ್ಕಕ್ಕೋಸ್ಕರ ಎಲ್ಲರ ಯಂತ್ರ ಕಳ್ಕೊಳ್ಳೋಕೆ ಆಗಲ್ಲ. ಬಂದ್ ಕರೋ."

ಫರ್ಹಾನಾ ನನ್ನ ಕುರ್ಚಿಯ ಹತ್ತಿರ ಬಗ್ಗಿ ಮೆಲ್ಲಗೆ ಕನ್ನಡದಲ್ಲಿ, "ಹೋಗ್ಲಿ ಬಿಡ್ರಿ ಅಕ್ಕಾ. ನೀವು ಬೆಳಗಿನಿಂದ ಊಟಾನೂ ಮಾಡಿಲ್ಲ, ಎಲ್ಲಾರ ಕೂಡ ಜಗಳಾಡಾಕತ್ತೀರಿ. ಮತ್ತ ಶುರು ಮಾಡ್ತೀನಿ. ಕಮಿಟಿಯವರ ಕೈಕಾಲ ಹಿಡಿದು ಟೈಮ್ ಕೇಳ್ತೀನಿ" ಎಂದಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಳದೆ ನನ್ನ ಊಟದ ಚಿಂತೆ ಮಾಡಿದಳಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಇಷ್ಟು ವರ್ಷ ಈ ಯಂತ್ರವನ್ನು ಸಾಕಿ, ಒಳಗಿರುವವನೊಬ್ಬನನ್ನು ಹುಡುಕಲು ಬರಲಿಲ್ಲವೇ ಎಂದು ನನ್ನ ಮೇಲೇ ಸಿಟ್ಟು ಬಂತು. ಯಂತ್ರವನ್ನು ನಿಲ್ಲಿಸುವ ಕಮಾಂಡನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದು ಬಾಕಿ.

ಆಗ ಹಿಂದಿನಿಂದ ಶರ್ಮಾಜಿ ಕೆಮ್ಮಿದರು. ಬಿಸಿಲಿನಿಂದ ಎಬ್ಬಿಸಿದ ಕೋಪ ಇನ್ನೂ ಅವರ ದನಿಯಲ್ಲಿತ್ತು. "ಮ್ಯಾಡಂ, ಬೆಳಿಗ್ಗೆಯಿಂದ ಎಲ್ಲರನ್ನೂ ಎಲ್ಲಿದ್ದೀರಿ, ಎಲ್ಲಿದ್ದೀರಿ ಅಂತ ಕೇಳಿದ್ರಿ. ಆಪ್ ಖುದ್ ಕಹಾಂ ಹೈಂ? ನೀವೆಲ್ಲಿದ್ದೀರಿ?" ನನಗೆ ರೇಗಿಹೋಯಿತು. "ನಾನೆಲ್ಲಿರ್ತೀನಿ ಶರ್ಮಾಜಿ, ಇಲ್ಲೇ ಇದ್ದೀನಲ್ಲ, ನಿಮ್ಮ ಕಣ್ಣ ಮುಂದೆ!" ಎಂದೆ. ಎಂದವಳ ಕಣ್ಣು ಪರದೆಯತ್ತ ಹೋಯಿತು. ಯೂನಿಕ್ಸಿನಲ್ಲಿ 'ನಾನು ಎಲ್ಲಿದ್ದೇನೆ' ಎಂದು ಕೇಳುವ ಕಮಾಂಡೊಂದಿದೆ. ಪಿಡಬ್ಲ್ಯುಡಿ ಎಂಬ ಮೂರೇ ಅಕ್ಷರ. ಕಲಿಯಲು ಬಂದ ಮಕ್ಕಳಿಗೆ ಮೊದಲ ದಿನ ಮೊದಲ ಗಂಟೆಯಲ್ಲಿ ಹೇಳಿಕೊಡುವುದು ಅದನ್ನೇ. ನಾನು ಅದನ್ನು ಯಾವ ಕಾಲದಲ್ಲಿ ಕೊನೆಯ ಸಲ ಒತ್ತಿದ್ದೆನೋ ನೆನಪಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿ, ಆ ಮೂರು ಅಕ್ಷರ ಒತ್ತಿದೆ. ಯಂತ್ರ ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ ಹೇಳಿತು: ಪುರಾನಾ.

ಬೆಳಿಗ್ಗೆ ಬಂದವಳೇ, ಯಾರಾದರೂ ಇದ್ದಾರೆಯೇ ನೋಡೋಣ ಎಂದು ನಾನೇ ಒಳಗೆ ಹೋಗಿದ್ದೆ. ಕೋಣೆ ಖಾಲಿಯಾಗಿದೆಯೇ ಎಂದು ನೋಡಲು ಹೋಗಿ ಕೋಣೆಯ ನಟ್ಟನಡುವೆ ನಿಂತು, ಅಲ್ಲಿಂದಲೇ ಊರವರನ್ನೆಲ್ಲ ಹೊರಗೆ ಬನ್ನಿ ಹೊರಗೆ ಬನ್ನಿ ಎಂದು ಕೂಗುತ್ತಿದ್ದೆ. ಹಾಗಾದರೆ ನನ್ನ ಹೆಮ್ಮೆಯ ಕಮಾಂಡು ನನ್ನ ಹೆಸರನ್ನೇಕೆ ತೋರಿಸಲಿಲ್ಲ? ಅದರ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಬರೆದ ಹೊಸದರಲ್ಲಿ, ಓಡಿಸಿದಾಗಲೆಲ್ಲ ಮೊದಲು ನನ್ನ ಹೆಸರೇ ಬರುತ್ತಿತ್ತು. ಹುಡುಕುವವಳೇ ನಾನು, ನನ್ನನ್ನು ನನಗೇ ತೋರಿಸುವುದೇಕೆ, ಕಣ್ಣಿಗೆ ಕಿರಿಕಿರಿ ಎಂದು ನನ್ನ ಹೆಸರೊಂದನ್ನು ಬಿಟ್ಟು ಉಳಿದವರನ್ನೆಲ್ಲ ತೋರಿಸು ಎಂದು ನಾನೇ ಅದಕ್ಕೆ ಹೇಳಿಕೊಟ್ಟಿದ್ದೆ. ಪಾಪ, ಅದು ಹೇಳಿದ ಮಾತು ಕೇಳಿತ್ತು. ನನ್ನ ಮನೆಯಲ್ಲಿ, ನನ್ನ ಆಫೀಸಿನಲ್ಲಿ, ಹೇಳಿದ ಮಾತನ್ನು ಇಷ್ಟು ವರ್ಷ ಚಾಚೂ ತಪ್ಪದೆ ಕೇಳಿದ್ದು ಅದೊಂದೇ.

ಇಂಗು ತಿಂದ ಮಂಗನಂತಾಗಿದ್ದ ಮುಖವನ್ನು ಹಿಂದಕ್ಕೆ ತಿರುಗಿಸುವ ಧೈರ್ಯವಿಲ್ಲದೆ, ಸದ್ದಿಲ್ಲದಂತೆ ಎರಡಕ್ಷರ ಒತ್ತಿ ಪುರಾನಾದಿಂದ ಹೊರಬಂದೆ. ಡಿಸ್ಕನ್ನು ಕಳಚಲು ಹೇಳಿದೆ. ಯಂತ್ರ ಬಿಜಿ ಎನ್ನಲಿಲ್ಲ. ಏನೂ ಅನ್ನಲಿಲ್ಲ. ಯೂನಿಕ್ಸಿನಲ್ಲಿ ಹೇಳಿದ ಕೆಲಸ ಆಯಿತು ಎಂದರೆ ಮೌನ. ಆ ಮೌನ ಅವತ್ತು ನನಗೆ ಕೇಳಿಸಿದಷ್ಟು ಇಂಪಾಗಿ ಯಾವತ್ತೂ ಕೇಳಿಸಿರಲಿಲ್ಲ. "ಹೋ ಗಯಾ!" ಎಂದು ಇಂಜಿನಿಯರು ಸ್ಕ್ರೂ ಡ್ರೈವರ್ ಹಿಡಿದು ಯಂತ್ರದ ಕೋಣೆಗೆ ಓಡಿದ. ಫರ್ಹಾನಾ ನನ್ನ ಭುಜವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಲೆಕ್ಕ ಹೊಸ ಡಿಸ್ಕಿನಲ್ಲಿ, ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ಮೊದಲಿನಂತೆಯೇ ಓಡುತ್ತಿತ್ತು.

"ಮಗರ್ ಅಂದರ್ ಕೌನ್ ಥಾ?" ಎಂದು ಚಡ್ಡಾ ಸಾಹೇಬರು ಕೇಳಿದರು. ಒಳಗಿದ್ದದ್ದು ಯಾರು? ಹೆಸರು ಹೇಳಿ, ಒಂದು ಮೆಮೊ ಕೊಡೋಣ. ಶರ್ಮಾಜಿ ನನ್ನ ಪರದೆಯ ಮೇಲಿನ ಆ ಒಂದು ಸಾಲನ್ನು ನೋಡಿದ್ದರು. ನೋಡಿಲ್ಲದಿರಲು ಸಾಧ್ಯವೇ ಇಲ್ಲ, ಜೀವಮಾನವೆಲ್ಲ ಸಾಲುಗಳನ್ನು ಓದಿದ ಮನುಷ್ಯ. ಅವರು ಮಫ್ಲರನ್ನು ಸರಿಮಾಡಿಕೊಳ್ಳುತ್ತ, "ಛೋಡಿಯೇ ಸರ್. ಯಾರಿದ್ದರೋ ಅವರು ಹೊರಗೆ ಬಂದಾಯ್ತಲ್ಲ" ಎಂದರು. ಚಡ್ಡಾ ಸಾಹೇಬರಿಗೂ ಮೀಟಿಂಗಿಗೆ ಹೊತ್ತಾಗಿತ್ತು. ಅವರು ಹೋದ ಮೇಲೆ ನಾನು ಶರ್ಮಾಜಿಯತ್ತ ತಿರುಗಿ, "ಬಿಸಿಲಲ್ಲಿ ಕೂತಿದ್ದವರನ್ನ ಎಬ್ಬಿಸಿದೆ, ತಪ್ಪಾಯ್ತು" ಎಂದೆ. "ಬಿಸಿಲು ನಾಳೆಯೂ ಬರುತ್ತೆ ಮ್ಯಾಡಂ" ಎಂದು ನಕ್ಕು, "ನಾಳೆ ಶನಿವಾರ, ರಜಾ, ಅದು ಬೇರೆ ಮಾತು" ಎಂದು ಸೇರಿಸಿ ಹೊರಟುಹೋದರು. ಸಂಜೆ ಮನೆಗೆ ಹೊರಡುವ ಮೊದಲು ನನ್ನ ಕಮಾಂಡಿನಲ್ಲಿ ನನ್ನ ಹೆಸರನ್ನು ಬಿಡು ಎಂದಿದ್ದ ಸಾಲನ್ನು ತೆಗೆದುಹಾಕಿದೆ. ಅಷ್ಟೇ ಅಲ್ಲ, ಯಾರು ಬೇಕಾದರೂ ಓಡಿಸಿಕೊಳ್ಳಲಿ ಎಂದು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟೆ. ಅವತ್ತಿನ ಮಟ್ಟಿಗೆ ಅಷ್ಟಾದರೂ ಮಾಡಬೇಕು ಅನ್ನಿಸಿತು.

ಶನಿವಾರ ಬೆಳಿಗ್ಗೆ ನಮ್ಮ ಬಾಲ್ಕನಿಗೂ ಒಳ್ಳೆಯ ಬಿಸಿಲು ಬಂದಿತ್ತು. ಅತ್ತೆ ಒಂದು ಚೀಲ ಹಸಿ ಬಟಾಣಿ ತಂದು ಸುರಿದು, ಸುಲಿಯಲು ನನ್ನನ್ನೂ ಕೂರಿಸಿಕೊಂಡರು. ಮಗಳು ಸಾಗುವಿಗಾಗಿ ಕಾದಿದ್ದಳು. ನಾನು ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. "ಇವತ್ತೂ ಆಫೀಸೇನೇ?" ಎಂದು ಅತ್ತೆ ಕೇಳಿದ್ದಕ್ಕೆ, "ಇಲ್ಲ ಅತ್ತೆ, ಸುಮ್ನೆ ತೆಗೆದಿಟ್ಟಿದೀನಿ" ಎಂದೆ. ಅತ್ತೆ ಊರಿನ ಯಾರದೋ ಮದುವೆಯ ವಿಷಯ ಹೇಳುತ್ತಿದ್ದರು. ಹೂಂ, ಹೌದಾ, ಅಯ್ಯೋ ಪಾಪ ಎಂದು ಸಮಯಕ್ಕೆ ಸರಿಯಾಗಿ ಅನ್ನುತ್ತ ಬಟಾಣಿ ಸುಲಿಯುತ್ತಿದ್ದೆ. ಅಷ್ಟರಲ್ಲಿ ಫೋನು ಬಂತು. ಫರ್ಹಾನಾ.

"ಅಕ್ಕಾ, ಎಲ್ಲಿದ್ದೀರಿ?"

"ಮನೇಲಿದ್ದೀನಮ್ಮ. ಬಾಲ್ಕನೀಲಿ ಅತ್ತೆ ಜೊತೆ ಬಟಾಣಿ ಸುಲೀತಿದ್ದೀನಿ."

"ಸುಳ್ಳ ಹೇಳಬ್ಯಾಡ್ರಿ ಅಕ್ಕಾ" ಎಂದು ಅವಳು ಕಿಲಕಿಲ ನಕ್ಕಳು. "ನಿನ್ನೆ ನೀವು ಕೊಟ್ಟ ಕಮಾಂಡ್ ಹೊಡೆದು ನೋಡೀನಿ. ಬೆಳಿಗ್ಗೆಯಿಂದ ನನ್ನ ಡೈರೆಕ್ಟರಿಯೊಳಗ ಇಬ್ಬರೇ ಅದೀವಿ. ನಾನೊಬ್ಬಾಕಿ, ನೀವೊಬ್ಬರು."

ನಾನು ಕಕ್ಕಾಬಿಕ್ಕಿಯಾದೆ. ಹೌದು, ಎದ್ದಾಗಿನಿಂದ ಅಲ್ಲೇ ಕೂತಿದ್ದೆ. ಅವಳ ಲೆಕ್ಕದ ಸಾಲುಗಳು ಒಂದೊಂದಾಗಿ ಬೀಳುವುದನ್ನು, ಒಲೆಯ ಮೇಲಿನ ಹಾಲನ್ನು ಕಾಯುವಂತೆ ಕಾಯುತ್ತಿದ್ದೆ. "ನೋಡ್ರಿ, ನೋಡ್ರಿ, ಕಡೀ ಸಾಲು!" ಎಂದು ಅವಳು ಕೂಗಿದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು, ಅವಳು ಸರೋಜಿನಿ ನಗರದಿಂದ, ನಾನು ದ್ವಾರಕಾದಿಂದ. ಲೆಕ್ಕ ಮುಗಿಯಿತು. "ನೀರು ಮ್ಯಾಲ ಬರ್ತೈತ್ರಿ ಅಕ್ಕಾ! ನಾವು ಅಂದಾಜು ಮಾಡಿದ್ದಕ್ಕಿಂತ ಚಲೋ ಐತಿ. ಬಯಲು ಹಂಗೇ ಬಿಟ್ಟರ ನೆಲದಾಗ ನೀರು ನಿಲ್ತೈತ್ರಿ!" ನನಗೆ ಕಣ್ಣು ತುಂಬಿ ಬಂತು. ಫೋನಿನಲ್ಲೇ ಇಬ್ಬರೂ ಏನೇನೋ ಕೂಗಾಡಿದೆವು. ನಿಂತ ನೆಲದಡಿಯಲ್ಲೇ ನೀರು ಉಕ್ಕಿದಷ್ಟು ಸಂತೋಷವಾಯಿತು.

ಫೋನಿಟ್ಟು, ಕಣ್ಣೊರೆಸಿಕೊಂಡು, ಯಾರಿಗಾದರೂ ಹೇಳಲೇಬೇಕೆಂದು ಅತ್ತೆಯತ್ತ ತಿರುಗಿದೆ. ಅತ್ತೆ ಮದುವೆಯ ಕಥೆ ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ ಏನೋ. ಅವರು ನನ್ನ ಮುಂದಿದ್ದ ಪಾತ್ರೆಯನ್ನೂ ಪಕ್ಕದ ಕಸದ ಬುಟ್ಟಿಯನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಪಾತ್ರೆಯ ತುಂಬ ಹಸಿರು ಸಿಪ್ಪೆ ಚೊಕ್ಕವಾಗಿ ಬಿದ್ದಿತ್ತು. ಕಾಳೆಲ್ಲ ಕಸದ ಬುಟ್ಟಿಯಲ್ಲಿತ್ತು.

"ಸುಮಾ, ಇಷ್ಟು ಹೊತ್ತು ನನ್ನ ಮಾತಿಗೆ ಹೂಂ ಅಂದದ್ದು ಯಾರೇ?" ಎಂದರು ಅತ್ತೆ.